ಪೂರ್ಣ, ಅಖಂಡ, ನಿರವಯ: ಅನುವಾದದ ಒಂದು ತೊಡಕು

ಎ. ಕೆ. ರಾಮಾನುಜನ್ ಅವರು 1973ರಲ್ಲಿ ನಾಲ್ವರು ವಚನಕಾರರನ್ನು ಆಂಗ್ಲಭಾಷೆಗೆ ತಂದ ಮೇಲೆ ಶರಣವಾಣಿ ದೂರದೇಶಗಳಿಗೂ ತಲುಪಿತು. ಆದರೆ ಇಂತಹ ಅನುವಾದಕ್ಕೆ ಕೈಯಿಕ್ಕಿದವರಿಗೆಲ್ಲ ಒಂದು ತೊಡಕು ತಪ್ಪದು. ಪೂರ್ಣ, ಅಖಂಡ, ನಿರವಯ ಎಂಬ ಮೂರಕ್ಕೂ ಆಂಗ್ಲದಲ್ಲಿ ಒಂದೇ ಪದ ಸಾಕೆನಿಸುವುದು ಸಹಜ, ಸಾಕಾಗದು.

'ಕಂಪ್ಲೀಟ್' ಎಂಬುದು 'ತುಂಬು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಸಂಸ್ಕೃತದ 'ಪೂರ್ಣ'ಕ್ಕೆ ದೂರದ ನಂಟು. ಎರಡರಲ್ಲೂ ಹಿಂದಿನ ಕೊರತೆಯ ನೆನಪುಂಟು. 'ಎಂಟೈರ್' ಮೂಲತಃ ಯಾರೂ ಮುಟ್ಟದುದು. 'ಅಖಂಡ'ಕ್ಕೆ ಅದೇ ಹತ್ತಿರ. 'ಹೋಲ್' ಎಂಬುದರಲ್ಲಿ ಆರೋಗ್ಯದ ಅರ್ಥವೂ ಅಡಗಿದೆ. ಇದು ಪಂಡಿತರ ಕಸರತ್ತೇನೂ ಅಲ್ಲ. ಗೋಕಾಕ ಸೀಮೆಯ ಕೌಜಲಗಿಯ ಕಡೆ ಮುರಿಯದುದು 'ಇಡೀ ರೊಟ್ಟಿ'. ಉಂಡು ಮುಗಿದರೆ 'ಊಟ ಪೂರಾ ಆತು'. ಅದಲುಬದಲು ಮಾಡಿದರೆ ಮಕ್ಕಳೂ ನಕ್ಕಾರು.

ನಿರವಯದ ಮಾತು ಬೇರೆ. ಅವಯವಗಳೇ ಇಲ್ಲದುದು ಅದು. ತುಂಬಲು ತೆರಪಿಲ್ಲ, ಮುರಿಯಲು ತುಂಡಿಲ್ಲ. 'ಹೋಲ್' ಎಂದೊಡನೆ ಭಾಗಗಳ ಕಲ್ಪನೆ ಒಳನುಸುಳುತ್ತದೆ. ಐಕ್ಯಸ್ಥಲವನ್ನು 'ಕಂಪ್ಲೀಷನ್' ಎಂದರಂತೂ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳೆಲ್ಲ ಅರೆಕೊರೆಯ ಮೆಟ್ಟಿಲುಗಳಾಗಿಬಿಡುತ್ತವೆ. ಒಂದೊಂದರಲ್ಲೂ ಉಳಿದವು ಅಡಕವೆಂಬ ಷಟ್‌ಸ್ಥಲಶಾಸ್ತ್ರದ ನಿಲುವೇ ಮರೆಯಾಗುತ್ತದೆ. ಇದು ಶೈಲಿಯ ದೋಷವಲ್ಲ, ತತ್ತ್ವದ ಹಾನಿ. ಇಂತಹ ಎಡೆಗಳಲ್ಲಿ 'ನಿರವಯ'ವನ್ನು ಹಾಗೆಯೇ ಉಳಿಸಿ, ಭಾಗವಿಲ್ಲದುದೆಂದು ಅಡಿಟಿಪ್ಪಣಿ ಬರೆಯುವುದು ಮೇಲು. ಸಾಲು ತುಸು ಒರಟಾದರೂ ಚಿಂತೆಯಿಲ್ಲ.