ಥರ್ಮಲ್‌ಗೆ ಮೊದಲಿನ ಹತ್ತು ವರ್ಷ

ಒಂದು ದಶಕದಲ್ಲಿ ಊರಿನ ಬದುಕು ಹೇಗೆ ಬದಲಾಯಿತೆಂದು ಹುಡುಕುವುದನ್ನು ಪ್ರೌಢಶಾಲೆಯ ಮಕ್ಕಳಿಗೆ ಕಲಿಸುವಾಗ ಮೊದಲು ಗೊತ್ತುಮಾಡಬೇಕಾದದ್ದು ದಶಕದ ಎರಡು ತುದಿಗಳನ್ನು. ‘ಎಂಬತ್ತರ ದಶಕ’ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳ ಕೈಗೆ ಸಿಗುವುದು ದಿಲ್ಲಿ, ಬೆಂಗಳೂರಿನ ಸುದ್ದಿ. ಊರಿನ ದಶಕಕ್ಕೆ ಊರಿನದೇ ಗಡಿಕಲ್ಲು ಬೇಕು.

ರಾಯಚೂರು ಜಿಲ್ಲೆಯ ದೇವಸುಗೂರಿಗೆ ಅಂಥ ಗಡಿ 1975 ಮತ್ತು 1985. ಸೈಟ್ ಎಂಬ ಉಪಗ್ರಹ ಟೀವಿ ಪ್ರಯೋಗ 1975ರ ಆಗಸ್ಟ್ 1ರಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳನ್ನು. 1985ರಲ್ಲಿ ಊರಿನ ಪಕ್ಕದ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ, 210 ಮೆಗಾವ್ಯಾಟ್‌ನದು, ಚಾಲೂ ಆಯಿತು. ಊರವರ ಬಾಯಲ್ಲಿ ಅದು ಬರೀ ‘ಥರ್ಮಲ್’.

ಗಡಿ ನಿಂತ ಮೇಲೆ ಪ್ರಶ್ನೆ ಸಣ್ಣದಾಗಬೇಕು. ‘ಸಂಸ್ಕೃತಿ ಹೇಗೆ ಬದಲಾಯಿತು’ ಎಂದು ಕೇಳಿದರೆ ಬರುವ ಉತ್ತರ ಭಾಷಣವಾಗಿರುತ್ತದೆ. ‘ಮಕ್ಕಳಿಗೆ ಯಾವ ಹೆಸರಿಡುತ್ತಿದ್ದರು’ ಎಂದು ಕೇಳಿದರೆ ಎಣಿಸಬಹುದು. ಈ ಸೀಮೆಯಲ್ಲಿ ದೇವಸುಗೂರಿನ ದೇವರು ಸೂಗೂರೇಶ್ವರನ ಹೆಸರಿನಿಂದ ಬಂದ ಸೂಗಪ್ಪ, ಸೂಗಮ್ಮ, ಸೂಗೂರೇಶರು ಮನೆಮನೆಗೂ ಇದ್ದಾರೆ. ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ದಶಕದ ಮೊದಲ ವರ್ಷ ಸೇರಿದ ಮಕ್ಕಳಲ್ಲಿ ಇಂಥ ಹೆಸರು ಎಷ್ಟು, ಕೊನೆಯ ವರ್ಷ ಎಷ್ಟು? ಅದೇ ಪುಟದಲ್ಲಿ ತಂದೆಯ ಉದ್ಯೋಗ, ಹುಟ್ಟಿದ ಊರೂ ಇದ್ದರೆ ಹೊರಗಿನಿಂದ ಬಂದ ಕುಟುಂಬಗಳ ಲೆಕ್ಕವೂ ಸಿಗುತ್ತದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಸಂಖ್ಯೆಯನ್ನು ಮಾತ್ರ ಬರೆದುಕೊಳ್ಳಬೇಕು. ಯಾರ ಪೂರ್ತಿ ಹೆಸರೂ ಜಾತಿಯೂ ಮಕ್ಕಳ ನೋಟ್‌ಬುಕ್ಕಿಗೆ ಬರಬಾರದು.

ಟ್ರಂಕಿನ ತಳದಲ್ಲಿರುವ ಲಗ್ನಪತ್ರಿಕೆ ಇದಕ್ಕಿಂತಲೂ ಸೊಗಸಾದ ದಾಖಲೆ. ತಾರೀಖು, ಭಾಷೆ, ಮದುವೆ ನಡೆದ ಜಾಗ, ಕರೆಯುವವರ ಹೆಸರಿನ ಕ್ರಮ ಎಲ್ಲ ಒಂದೇ ಹಾಳೆಯಲ್ಲಿರುತ್ತದೆ. ಮದುವೆ ಮನೆಮುಂದಿನ ಹಂದರದಿಂದ ಕಲ್ಯಾಣ ಮಂಟಪಕ್ಕೆ ಹೋದದ್ದು ಯಾವಾಗ ಎಂಬುದನ್ನು ಇಪ್ಪತ್ತು ಪತ್ರಿಕೆ ಜೋಡಿಸಿಟ್ಟರೆ ಮಕ್ಕಳೇ ಹೇಳುತ್ತಾರೆ.

ಹಿರಿಯರನ್ನು ಮಾತನಾಡಿಸುವುದು ಇದರ ನಂತರದ ಕೆಲಸ. ಕಾಗದ ನೋಡಿ ಹೋದ ಹುಡುಗಿ ಕೇಳುವ ಪ್ರಶ್ನೆಯ ಹದವೇ ಬೇರೆ. ‘ಅಜ್ಜಾ, ಊರಾಗ ಮೊದಲ ಟೀವಿ ಎಲ್ಲಿಟ್ಟಿದ್ರು? ಹೆಣಮಕ್ಕಳು ನೋಡಾಕ ಬರ್ತಿದ್ರೇನು?’ ಎಂದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿರಿಯರು ಇಸವಿ ಹೇಳುವುದು ಕಡಿಮೆ. ‘ಬರ ಬಿದ್ದ ವರ್ಷ’, ‘ಥರ್ಮಲ್ ಕಟ್ಟುವಾಗ’ ಎನ್ನುತ್ತಾರೆ. ಅದನ್ನು ಇಸವಿಗೆ ಹೊಂದಿಸುವುದು ವಿದ್ಯಾರ್ಥಿಯ ಕೆಲಸ. ಶಾಲೆಯಲ್ಲಿಟ್ಟ ಸರ್ಕಾರಿ ಟೀವಿಯಲ್ಲಿ ರಾಮಾಯಣ ನೋಡಿದೆವು ಎಂದು ಯಾರಾದರೂ ಹೇಳಿದರೆ ಅಲ್ಲಿ ಎರಡು ಕಾಲ ಬೆರೆತಿರುವ ಸಂಭವ ಹೆಚ್ಚು: ಸೈಟ್ 1976ರ ಜುಲೈ ಕೊನೆಗೆ ನಿಂತಿತ್ತು, ರಾಮಾಯಣ ಧಾರಾವಾಹಿ ಬಂದದ್ದು 1987ರ ಜನವರಿಯಲ್ಲಿ. ಹೇಳಿದವರ ಮಾತು ಸುಳ್ಳೆಂದು ಹೊಡೆದುಹಾಕುವುದಲ್ಲ. ಎರಡನ್ನೂ ಅಕ್ಕಪಕ್ಕ ಬರೆಯಬೇಕು. ಬಂದ ಹೊಸತು ನಿಂತೂ ಹೋಗಬಹುದು, ಮತ್ತೆ ಬರಬಹುದು ಎಂಬುದು ಈ ಒಂದು ವರ್ಷದ ಟೀವಿಯಿಂದ ಮಕ್ಕಳಿಗೆ ತಿಳಿಯುತ್ತದೆ.

ಎಲ್ಲಕ್ಕಿಂತ ಕಷ್ಟದ ಪಾಠ ಕಾರಣದ್ದು. ದೇವಸುಗೂರಿನಲ್ಲಿ ಕಂಡ ಬದಲಾವಣೆಯನ್ನೆಲ್ಲ ಥರ್ಮಲ್‌ನ ಲೆಕ್ಕಕ್ಕೆ ಬರೆಯಲು ಮನಸ್ಸು ಓಡುತ್ತದೆ. ಅದನ್ನು ತಡೆಯಲು ಬೇರೆ ಊರು ಬೇಕು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬಂತು. ಅಲ್ಲಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿಯ ಜೊತೆ ಅನ್ನ ಹೆಚ್ಚಿದ್ದಕ್ಕೆ ಕಾರಣ ಬೇರೆ. ಆಗ ಥರ್ಮಲೂ ಇಲ್ಲದ, ಕಾಲುವೆಯೂ ಇಲ್ಲದ ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲೂ ಅದೇ ಹತ್ತು ವರ್ಷದಲ್ಲಿ ಹೆಸರುಗಳು ಬದಲಾಗಿದ್ದರೆ, ಥರ್ಮಲ್ ಒಂದೇ ಕಾರಣವೆನ್ನಲು ಆಗದು. ಮೂರೂ ಊರಿನ ಶಾಲೆ, ವಿದ್ಯುತ್, ಬಸ್, ಅಂಚೆಯ ವಿವರ 1971 ಮತ್ತು 1981ರ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿದೆ.

ವರದಿ ನಾಲ್ಕು ಪುಟ ಮೀರಬೇಕಿಲ್ಲ. ಪ್ರತಿ ಹೇಳಿಕೆಯ ಎದುರು ಅದು ರಜಿಸ್ಟರಿನದೋ, ಪತ್ರಿಕೆಯದೋ, ಬಾಯಿಮಾತೋ ಎಂದು ಗುರುತಿರಬೇಕು. ಒಂದು ಪ್ರತಿ ಶಾಲೆಯ ಅಲ್ಮಾರಿಗೆ, ಇನ್ನೊಂದು ಮಾತು ಕೊಟ್ಟ ಅಜ್ಜ ಅಜ್ಜಿಯರಿಗೆ. ಓದು ಬಾರದವರ ಮನೆಗೆ ಹೋಗಿ ಮಕ್ಕಳೇ ಓದಿ ಹೇಳಬೇಕು.