ಬಾಣ ಎಷ್ಟು ಆಳ ಹೋದೀತು? – ಒಂದು ಹಳೆಯ ಲೆಕ್ಕದ ವಿಮರ್ಶೆ

ಭೌತವಿಜ್ಞಾನದ ಅಭ್ಯಾಸ ಪುಸ್ತಕಗಳಲ್ಲಿಯೂ ಪ್ರವೇಶ ಪರೀಕ್ಷೆಗಳ ಪ್ರಶ್ನೆಸಂಗ್ರಹಗಳಲ್ಲಿಯೂ ಪದೇ ಪದೇ ಎದುರಾಗುವ ಲೆಕ್ಕವೊಂದಿದೆ. ಗುಂಡೊಂದು ಹಲಗೆಯೊಳಗೆ 3 ಸೆಂಮೀ ಹೋಗುವಷ್ಟರಲ್ಲಿ ತನ್ನ ವೇಗದಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತದೆ. ನಿಲ್ಲುವ ಮೊದಲು ಅದು ಇನ್ನೆಷ್ಟು ದೂರ ಸಾಗುತ್ತದೆ? ಉತ್ತರ 1 ಸೆಂಮೀ. ವೇಗ ಅರ್ಧಕ್ಕಿಳಿದರೆ ಚಲನಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಮುಕ್ಕಾಲು ಪಾಲು ಶಕ್ತಿ 3 ಸೆಂಮೀಗೆ ಖರ್ಚಾದರೆ, ಉಳಿದ ಕಾಲು ಪಾಲು 1 ಸೆಂಮೀಗೆ ಸಾಕು. ಗುಂಡಿನ ಬದಲು ಬಾಣವನ್ನು ಇಟ್ಟರೂ ಲೆಕ್ಕ ಅದೇ.

ಲೆಕ್ಕ ತಪ್ಪಲ್ಲ. ಆದರೆ ಅದರೊಳಗೆ ಒಂದು ಷರತ್ತಿದೆ: 'ತಡೆಯುವ ಬಲ ಸ್ಥಿರವೆಂದು ಭಾವಿಸಿ'. ಪ್ರಶ್ನೆಯ ಕೊನೆಯಲ್ಲಿ ಬರುವ ಈ ಮಾತನ್ನು ವಿದ್ಯಾರ್ಥಿ ಓದಿಯೂ ಓದದಂತೆ ಮುಂದೆ ಹೋಗುತ್ತಾನೆ. ಹಲವೊಮ್ಮೆ ನಾವು ಶಿಕ್ಷಕರೂ ಅಷ್ಟೆ. ಅವನ ತಲೆಯಲ್ಲಿ ಉಳಿಯುವುದು 'ಆಳವು ವೇಗದ ವರ್ಗಕ್ಕೆ ಅನುಪಾತೀಯ' ಎಂಬ ಸೂತ್ರ ಮಾತ್ರ. ಅಲ್ಲಿಂದ 'ಬಾಣ ಹಗುರವಾಗಿರಲಿ, ವೇಗವಾಗಿರಲಿ' ಎಂಬ ತೀರ್ಮಾನಕ್ಕೆ ಒಂದೇ ಹೆಜ್ಜೆ. ಈ ತೀರ್ಮಾನ ಎಷ್ಟು ಸರಿ ಎಂಬುದನ್ನು ಪರೀಕ್ಷಿಸೋಣ.

ರಂಗಸ್ಥಳದ ಬಾಣ

ಹೊನ್ನಾವರದ ಮಕ್ಕಳಿಗೆ ಬಿಲ್ಲುಬಾಣದ ಪರಿಚಯ ಪಠ್ಯದಿಂದ ಆಗಬೇಕಾಗಿಲ್ಲ. ತಾಲ್ಲೂಕಿನ ಗುಣವಂತೆಯಲ್ಲಿ ನೆಲೆಯಿರುವ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಹೆಸರು ಕೇಳದವರು ಅಲ್ಲಿ ವಿರಳ. ಯಕ್ಷಗಾನದಲ್ಲಿ ರಾಮ, ಅರ್ಜುನ, ಕರ್ಣರ ಕೈಯಲ್ಲಿ ಬಿಲ್ಲು ಇದ್ದೇ ಇರುತ್ತದೆ. ವಾಲಿವಧೆಯ ಕಥೆಯಲ್ಲಿ ರಾಮ ಒಂದೇ ಬಾಣದಿಂದ ಏಳು ಮರಗಳನ್ನು ಭೇದಿಸಿ ಸುಗ್ರೀವನಿಗೆ ನಂಬಿಕೆ ಬರಿಸುತ್ತಾನೆ. ಇದು ಪುರಾಣ, ಅದರಿಂದ ಭೌತವಿಜ್ಞಾನವನ್ನು ಹಿಂಡಿ ತೆಗೆಯುವುದು ಬೇಡ. ಆದರೆ ಸುಗ್ರೀವನ ಪರೀಕ್ಷೆಯಲ್ಲಿ ಒಂದು ಅಂಶ ಗಮನಾರ್ಹ. ಬಾಣ ಎಷ್ಟು ವೇಗವಾಗಿ ಹೋಯಿತೆಂದು ಅವನು ಕೇಳಲಿಲ್ಲ. ಎಷ್ಟು ಮರಗಳನ್ನು ದಾಟಿತೆಂದು ನೋಡಿದ. ಬೇಟೆಗಾರನ ಪ್ರಶ್ನೆಯೂ ಇದೇ. ಬಾಣ ಆಳಕ್ಕೆ ಇಳಿಯದಿದ್ದರೆ ಪ್ರಾಣಿ ಕೂಡಲೇ ಸಾಯುವುದಿಲ್ಲ, ಗಾಯಗೊಂಡು ದಿನಗಟ್ಟಲೆ ನರಳುತ್ತದೆ. ಸೂತ್ರ ತಪ್ಪಿದರೆ ಅದರ ಬೆಲೆ ತೆರುವುದು ಪ್ರಾಣಿ.

ಒಂದೇ ಬಿಲ್ಲು, ಎರಡು ಬಾಣ

ಬಾಣದ ವೇಗವನ್ನು ನಮಗೆ ಬೇಕಾದಂತೆ ಆರಿಸಿಕೊಳ್ಳಲಾಗದು. ಅದನ್ನು ನಿರ್ಧರಿಸುವುದು ಬಿಲ್ಲು. ಎಳೆದ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಬಾಣಕ್ಕೆ ಸೇರುವುದಿಲ್ಲ. ಬಿಲ್ಲಿನ ತೋಳುಗಳೂ ಹೆದೆಯೂ ಚಲಿಸಬೇಕಾದುದರಿಂದ ಅವೂ ಪಾಲು ಕೇಳುತ್ತವೆ. ಬಿಲ್ಲುಗಾರಿಕೆಯನ್ನು ಅಧ್ಯಯನ ಮಾಡಿದ ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಈ ಪಾಲನ್ನು ಸರಳವಾಗಿ ಲೆಕ್ಕಕ್ಕೆ ತಂದರು. ಬಾಣದ ಜೊತೆಗೆ ಇನ್ನೊಂದು ಕಲ್ಪಿತ ದ್ರವ್ಯರಾಶಿಯೂ ಅದೇ ವೇಗದಲ್ಲಿ ಓಡುತ್ತಿದೆ ಎಂದು ಭಾವಿಸಿದರೆ ಸಾಕು.

ಉದಾಹರಣೆಗೆ ಬಿಲ್ಲಿನಲ್ಲಿ 45 ಜೂಲ್ ಶಕ್ತಿ ಇದೆ, ಕಲ್ಪಿತ ದ್ರವ್ಯರಾಶಿ 10 ಗ್ರಾಂ ಎಂದಿಟ್ಟುಕೊಳ್ಳೋಣ. 20 ಗ್ರಾಂ ಬಾಣಕ್ಕೆ ಮೂರರಲ್ಲಿ ಎರಡು ಪಾಲು, ಅಂದರೆ 30 ಜೂಲ್ ದಕ್ಕುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 55 ಮೀ, ಸಂವೇಗ 1.1 ಕಿಗ್ರಾಂ–ಮೀ/ಸೆ. 40 ಗ್ರಾಂ ಬಾಣಕ್ಕೆ ಐದರಲ್ಲಿ ನಾಲ್ಕು ಪಾಲು, ಅಂದರೆ 36 ಜೂಲ್. ವೇಗ ಸುಮಾರು 42 ಮೀ, ಸಂವೇಗ 1.7. ಬಾಣದ ಭಾರ ಇಮ್ಮಡಿಯಾದಾಗ ವೇಗ ಕುಂದಿತು ನಿಜ. ಆದರೆ ಶಕ್ತಿ ಶೇಕಡಾ 20ರಷ್ಟು, ಸಂವೇಗ ಶೇಕಡಾ 55ರಷ್ಟು ಹೆಚ್ಚಿತು. ಹಗುರ ಬಾಣ ಬಿಟ್ಟುಹೋದ ಶಕ್ತಿ ಬಿಲ್ಲಿನಲ್ಲೇ ಉಳಿದು, ಅದರ ಅದಿರಾಟದಲ್ಲಿ ವ್ಯರ್ಥವಾಗುತ್ತದೆ.

ಮೂರು ತಡೆಗಳು, ಮೂರು ಉತ್ತರಗಳು

ಈಗ ಮೊದಲಿನ ಲೆಕ್ಕಕ್ಕೆ ಬರೋಣ. ತಡೆಯ ಸ್ವರೂಪವನ್ನು ಮಾತ್ರ ಬದಲಿಸುತ್ತ ಹೋಗೋಣ.

ಒಂದು: ತಡೆ ಸ್ಥಿರ. ಗಟ್ಟಿ ಜೇಡಿಮಣ್ಣು, ಮರ ಮುಂತಾದವು ಸ್ಥೂಲವಾಗಿ ಹೀಗೆ ವರ್ತಿಸುತ್ತವೆ. ಆಳ ಚಲನಶಕ್ತಿಗೆ ಅನುಪಾತೀಯ. ಉತ್ತರ 1 ಸೆಂಮೀ.

ಎರಡು: ತಡೆ ವೇಗಕ್ಕೆ ಅನುಪಾತೀಯ. ಜೋನಿಬೆಲ್ಲದಲ್ಲಿ ಚಮಚವನ್ನು ಮೆಲ್ಲನೆ ಎಳೆದು ನೋಡಿ, ಬಳಿಕ ರಭಸದಿಂದ ಎಳೆದು ನೋಡಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಇಂಥ ಕಡೆ ಪ್ರತಿ ಸೆಂಟಿಮೀಟರಿಗೂ ವೇಗ ಸಮಪ್ರಮಾಣದಲ್ಲಿ ಕುಗ್ಗುತ್ತದೆ. 3 ಸೆಂಮೀಗೆ ಅರ್ಧ ಹೋದರೆ ಉಳಿದರ್ಧಕ್ಕೂ 3 ಸೆಂಮೀ ಬೇಕು. ಆಳ ಸಂವೇಗಕ್ಕೆ ಅನುಪಾತೀಯ. ಉತ್ತರ 3 ಸೆಂಮೀ.

ಮೂರು: ತಡೆ ವೇಗದ ವರ್ಗಕ್ಕೆ ಅನುಪಾತೀಯ. ನೀರಿನೊಳಗೆ ವೇಗವಾಗಿ ನುಗ್ಗುವ ವಸ್ತುವಿಗೆ ಇಂಥ ತಡೆ. ಇಲ್ಲಿ ಪ್ರತಿ 3 ಸೆಂಮೀಗೂ ವೇಗ ಅರ್ಧವಾಗುತ್ತದೆ: ಅರ್ಧ, ಕಾಲು, ಅರೆಕಾಲು, ಹೀಗೆ. ಈ ನಿಯಮವೊಂದನ್ನೇ ನಂಬಿದರೆ ಬಾಣ ನಿಲ್ಲುವುದೇ ಇಲ್ಲ! ವಾಸ್ತವದಲ್ಲಿ ವೇಗ ತಗ್ಗಿದ ಮೇಲೆ ಬೇರೆ ತಡೆಗಳು ಮೇಲುಗೈ ಪಡೆದು ಅದನ್ನು ನಿಲ್ಲಿಸುತ್ತವೆ. ಇಲ್ಲಿನ ಸ್ವಾರಸ್ಯವನ್ನು ನೋಡಿ. ಆರಂಭದ ವೇಗವನ್ನು ಇಮ್ಮಡಿಸಿದರೆ ಸಿಗುವುದು 3 ಸೆಂಮೀಯ ಇನ್ನೊಂದು ಹೆಜ್ಜೆ ಮಾತ್ರ. ದಪ್ಪ, ಆಕಾರಗಳನ್ನು ಬದಲಿಸದೆ ಬಾಣದ ದ್ರವ್ಯರಾಶಿಯನ್ನು ಇಮ್ಮಡಿಸಿದರೆ ಪ್ರತಿ ಹೆಜ್ಜೆಯೂ 6 ಸೆಂಮೀ ಆಗುತ್ತದೆ.

ದತ್ತಾಂಶ ಒಂದೇ, ಉತ್ತರಗಳು 1 ಸೆಂಮೀ, 3 ಸೆಂಮೀ ಮತ್ತು 'ನಿಲ್ಲುವುದಿಲ್ಲ'. ಆದುದರಿಂದ 'ಸ್ಥಿರವೆಂದು ಭಾವಿಸಿ' ಎಂಬುದು ಅಲಂಕಾರದ ಮಾತಲ್ಲ; ಲೆಕ್ಕದ ಜೀವಾಳವೇ ಅದು.

ಪ್ರಾಣಿಯ ಶರೀರ ಈ ಮೂರರಲ್ಲಿ ಯಾವುದೂ ಅಲ್ಲ, ಮೂರರ ಮಿಶ್ರಣ. ಚರ್ಮವನ್ನು ಕೊಯ್ಯಲು ಬೇಕಾದ ಬಲ ಬಹುಮಟ್ಟಿಗೆ ಸ್ಥಿರ, ದ್ರವಭರಿತ ಅಂಗಾಂಶದ ತಡೆ ವೇಗದೊಂದಿಗೆ ಏರುತ್ತದೆ, ಕಡ್ಡಿ ಒಳಗೆ ಇಳಿದಷ್ಟೂ ಅದರ ಮೈಯ ಘರ್ಷಣೆ ಬೆಳೆಯುತ್ತದೆ. ನಮ್ಮ ಎರಡು ಬಾಣಗಳನ್ನೇ ಹೋಲಿಸಿದರೆ, ಸ್ಥಿರ ತಡೆಯಲ್ಲಿ ಭಾರದ ಬಾಣ ಶೇಕಡಾ 20ರಷ್ಟು, ಎರಡನೆಯ ಬಗೆಯಲ್ಲಿ ಶೇಕಡಾ 55ರಷ್ಟು ಹೆಚ್ಚು ಆಳ ಹೋಗುತ್ತದೆ. ಮೂರನೆಯದರಲ್ಲಿ, ವೇಗ ಸೆಕೆಂಡಿಗೆ 10 ಮೀಟರಿಗೆ ಇಳಿಯುವವರೆಗೆ ಲೆಕ್ಕ ಹಾಕಿದರೆ, ಸುಮಾರು ಶೇಕಡಾ 70ರಷ್ಟು. ಯಾವ ತಡೆಯಾದರೂ ಗೆಲ್ಲುವುದು ಭಾರದ ಬಾಣವೇ. ಇಂಗ್ಲಿಷರ ಯುದ್ಧಬಾಣಗಳು ಭಾರವಾಗಿದ್ದುದೂ, ದೂರ ಎಸೆಯುವ ಸ್ಪರ್ಧೆಗೆಂದು ತುರ್ಕರು ಮಾಡುತ್ತಿದ್ದ ಬಾಣಗಳು ಹಗುರವಾಗಿದ್ದುದೂ ಕಾಕತಾಳೀಯವಲ್ಲ.

ಚೆಂಡು ಏಕೆ ಚುಚ್ಚುವುದಿಲ್ಲ?

ಹಾಗಾದರೆ ಚಲನಶಕ್ತಿಯನ್ನು ಬಿಟ್ಟು ಸಂವೇಗವನ್ನು ಹಿಡಿದರೆ ಮುಗಿಯಿತೇ? ಇಲ್ಲ. ಗಂಟೆಗೆ 140 ಕಿಮೀ ವೇಗದ, 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಚಲನಶಕ್ತಿ ಸುಮಾರು 120 ಜೂಲ್, ಸಂವೇಗ 6.2. ನಮ್ಮ ಹಗುರ ಬಾಣದ ನಾಲ್ಕು ಪಟ್ಟು ಶಕ್ತಿ, ಐದು ಪಟ್ಟಿಗೂ ಮಿಕ್ಕ ಸಂವೇಗ. ಆದರೂ ಚೆಂಡು ತಗುಲಿದರೆ ಮೂಳೆ ಮುರಿದೀತು, ಬಾಣದಂತೆ ಮೈಯೊಳಗೆ ತೂರುವುದಿಲ್ಲ. ಬಾಣ ತನ್ನ ಸಂವೇಗವನ್ನೆಲ್ಲ ಸೂಜಿಯಷ್ಟು ಮೊನೆಯ ಮೇಲೆ, ಕತ್ತಿಯಂಥ ಅಂಚಿನ ಮೇಲೆ ಹೇರುತ್ತದೆ. ಸೀಳಿಕೆಯ ಪ್ರಶ್ನೆಯಲ್ಲಿ ಭಾರ, ವೇಗಗಳ ಜೊತೆಗೆ ಕ್ಷೇತ್ರಫಲ ಮತ್ತು ಹರಿತವೂ ಸೇರಬೇಕು. ಬಾಣ ನೇರವಾಗಿ, ತೊನೆಯದೆ ಬಡಿಯಬೇಕೆಂಬುದೂ ಸೇರಬೇಕು. ನಮ್ಮ ಲೆಕ್ಕಗಳಲ್ಲಿ ಈ ಮೂರಕ್ಕೂ ಜಾಗವಿಲ್ಲ.

ಭಾರಕ್ಕೂ ಬೆಲೆಯಿದೆ. 20 ಮೀ ದೂರದ ಗುರಿ ತಲುಪುವಷ್ಟರಲ್ಲಿ ಹಗುರ ಬಾಣ ಗುರುತ್ವದಿಂದ ಸುಮಾರು 65 ಸೆಂಮೀ ಇಳಿದರೆ, ಭಾರದ ಬಾಣ 109 ಸೆಂಮೀ ಇಳಿಯುತ್ತದೆ. ದೂರವನ್ನು ಅಂದಾಜಿಸುವಲ್ಲಿ 3 ಮೀ ತಪ್ಪಿದರೆ ಮೊದಲನೆಯದು ಸುಮಾರು 20 ಸೆಂಮೀ, ಎರಡನೆಯದು 33 ಸೆಂಮೀ ಗುರಿ ತಪ್ಪುತ್ತದೆ. ಆದ್ದರಿಂದ ಭಾರದ ಬಾಣ ಹತ್ತಿರದ ಗುರಿಗೆ, ಹಗುರ ಬಾಣ ದೂರಕ್ಕೆ. 'ಅತ್ಯುತ್ತಮ ಬಾಣ' ಎಂಬುದೊಂದಿಲ್ಲ. ಯಾವುದಕ್ಕೆ ಎಂಬುದನ್ನು ಮೊದಲು ಹೇಳಬೇಕು.

ಕಾಡಿನಲ್ಲಿ ಇಂದು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯ ಬಳಿಕ ನಮ್ಮಲ್ಲಿ ವಿನೋದಕ್ಕಾಗಿ ಬೇಟೆಗೆ ಎಡೆಯಿಲ್ಲ. ಶರಾವತಿ ಕಣಿವೆಯ ಕಾಡು 2019ರಿಂದ ಸಿಂಗಳೀಕಗಳ ಹೆಸರಿನ ಅಭಯಾರಣ್ಯ. ಆದರೂ ಬಾಣದ ಲೆಕ್ಕ ಕಾಡಿನಲ್ಲಿ ಮುಗಿದಿಲ್ಲ. ಊರಿಗೆ ನುಗ್ಗಿದ ಚಿರತೆಗೋ ಆನೆಗೋ ಅರಿವಳಿಕೆ ಕೊಡುವ ಪಶುವೈದ್ಯರು ಹಾರಿಸುವುದೂ ಒಂದು ಬಾಣವನ್ನೇ, ಸಿರಿಂಜನ್ನು ಹೊತ್ತ ಬಾಣವನ್ನು. ಅವರ ಸಮಸ್ಯೆ ಬೇಟೆಗಾರನದಕ್ಕೆ ತದ್ವಿರುದ್ಧ. ಸೂಜಿ ಸ್ನಾಯುವನ್ನು ಮುಟ್ಟಬೇಕು, ಅದಕ್ಕಿಂತ ಆಳ ಹೋಗಬಾರದು. ಹತ್ತಿರದಿಂದ ಹೆಚ್ಚು ವೇಗದಲ್ಲಿ ಬಡಿದರೆ ಮೂಳೆ ಮುರಿಯಬಹುದು, ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೆಂದೇ ದೂರಕ್ಕೆ ತಕ್ಕಂತೆ ಬಂದೂಕಿನ ಅನಿಲದ ಒತ್ತಡವನ್ನು ಹೊಂದಿಸುತ್ತಾರೆ.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಬಿಲ್ಲು ಬೇಡ, ತರಬಾರದು ಕೂಡ. ಡಚ್ ವಿಜ್ಞಾನಿ ಸ್‌ಗ್ರಾವೆಸಾಂಡೆ 1722ರಲ್ಲಿ ಹಿತ್ತಾಳೆ ಗುಂಡುಗಳನ್ನು ಜೇಡಿಮಣ್ಣಿನ ಮೇಲೆ ಬೀಳಿಸಿ, ಕುಳಿಯನ್ನು ನಿರ್ಧರಿಸುವುದು ಬರಿಯ ವೇಗವಲ್ಲ, ವೇಗದ ವರ್ಗ ಎಂದು ತೋರಿಸಿದ. ಹೊಳೆದಂಡೆಯ ಜೇಡಿಮಣ್ಣನ್ನು ಹದವಾಗಿ ಕಲಸಿ ತಟ್ಟೆಯಲ್ಲಿ ತುಂಬಿ. ಮೊಂಡು ತುದಿಯ ಪೆನ್ನಿನ ಕವಚದಲ್ಲಿ ಮರಳು ತುಂಬಿ 25, 50, 100 ಸೆಂಮೀ ಎತ್ತರದಿಂದ ನೇರವಾಗಿ ಬೀಳಿಸಿ, ಕುಳಿಯ ಆಳ ಅಳೆಯಿರಿ. ಎತ್ತರ ಇಮ್ಮಡಿಯಾದಾಗ ಆಳವೂ ಇಮ್ಮಡಿಯಾದರೆ ತಡೆ ಸ್ಥಿರ, 1.4 ಪಟ್ಟು ಮಾತ್ರವಾದರೆ ತಡೆ ವೇಗವನ್ನು ಅವಲಂಬಿಸಿದೆ. ಮಣ್ಣಿಗೆ ನೀರು ಹೆಚ್ಚಿಸುತ್ತ ಹೋಗಿ ಫಲಿತಾಂಶ ಹೇಗೆ ಬದಲಾಗುತ್ತದೆಂದು ನೋಡಿ.

ಪ್ರಶ್ನೆಪತ್ರಿಕೆಯ ಲೆಕ್ಕವನ್ನು ಬಿಡಬೇಕೆಂದು ಹೇಳುತ್ತಿಲ್ಲ. ಅದಕ್ಕೊಂದು ಉಪಪ್ರಶ್ನೆಯನ್ನು ಸೇರಿಸಿದರೆ ಸಾಕು: 'ತಡೆ ಸ್ಥಿರವಲ್ಲದಿದ್ದರೆ ಉತ್ತರ ಹೆಚ್ಚಾದೀತೋ, ಕಡಿಮೆಯಾದೀತೋ? ಏಕೆ?' ಮೂರು ಅಂಕದ ಪ್ರಶ್ನೆಗೆ ವಿದ್ಯಾರ್ಥಿ ಅರ್ಧ ಗಂಟೆ ಯೋಚಿಸುವಂತಾದರೆ ನಷ್ಟವೇನೂ ಇಲ್ಲ.