ಠೂ ಬಿಟ್ಟ ಮಕ್ಕಳಿಗೆ ಮೂರು ಪುಸ್ತಕ

ಮಕ್ಕಳ ಪುಸ್ತಕ ಕೈಗೆ ಬಂದೊಡನೆ ನಮ್ಮಲ್ಲಿ ಬಹಳಷ್ಟು ತಾಯಂದಿರು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ನೀತಿ ಏನಿದೆ?" ಪಂಚತಂತ್ರದ ಮಟ್ಟಿಗೆ ಈ ಪ್ರಶ್ನೆ ಸರಿಯೇ. ಆದರೆ ಹನ್ನೊಂದು ವರ್ಷದ ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ ನೀತಿಕಥೆ ಅವಳಿಗೆ ಒದಗುವುದಿಲ್ಲ. ನಿನ್ನೆಯವರೆಗೆ ಡಬ್ಬಿ ಹಂಚಿಕೊಂಡು ತಿಂದವಳು ಇಂದು ಠೂ ಬಿಟ್ಟು ಬೇರೆ ಬೆಂಚಿಗೆ ಹೋಗಿದ್ದಾಳೆ. "ಮಕ್ಕಳ ಜಗಳ, ನಾಳೆ ಸರಿಹೋಗುತ್ತೆ" ಎಂದು ನಾವು ಸಮಾಧಾನ ಹೇಳುತ್ತೇವೆ. ಕೆಲವು ಸರಿಹೋಗುವುದೇ ಇಲ್ಲ. ಅದನ್ನು ಮಗುವಿಗೆ ಹೇಳಲು ನಮಗೆ ಬಾಯಿ ಬಾರದು. ಹೇಳಬಲ್ಲ ಪುಸ್ತಕಗಳಿವೆ.

ಮೊದಲನೆಯದು ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಮತ್ತು ಅವನ ಸ್ನೇಹಿತರು'. ಇಂಗ್ಲಿಷಿನಲ್ಲಿ 1935ರಲ್ಲಿ ಬಂದ ಈ ಕಾದಂಬರಿ ಕನ್ನಡದಲ್ಲೂ ಇದೆ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿದವರಿಗೆ ಸ್ವಾಮಿ ಮನೆಮಗನೇ. ಆದರೆ ಟಿ.ವಿ.ಯಲ್ಲಿ ನೋಡಿ ನಕ್ಕವರೂ ಪುಸ್ತಕವನ್ನು ಓದಬೇಕು. ಪೊಲೀಸ್ ಅಧಿಕಾರಿಯ ಮಗ ರಾಜಂ ಶಾಲೆಗೆ ಬಂದ ಮೇಲೆ ಸ್ವಾಮಿ ಅವನ ಹಿಂದೆ ಹಿಂದೆ ತಿರುಗುತ್ತಾನೆ. ಹಳೆಯ ಗೆಳೆಯರು ಅವನನ್ನು 'ಬಾಲ' ಎಂದು ಹಂಗಿಸಿ ಮಾತು ಬಿಡುತ್ತಾರೆ. ಕೊನೆಗೆ ಕ್ರಿಕೆಟ್ ಪಂದ್ಯಕ್ಕೆ ಸ್ವಾಮಿ ಬಾರದೆ ಹೋದನೆಂದು ರಾಜಂ ಕೂಡ ದೂರವಾಗುತ್ತಾನೆ. ಊರು ಬಿಟ್ಟು ಹೊರಟವನ ರೈಲಿನ ಕಿಟಕಿಗೆ ಸ್ವಾಮಿ ಒಂದು ಪುಸ್ತಕವನ್ನು ಕಾಣಿಕೆಯಾಗಿ ಒಯ್ಯುತ್ತಾನೆ. ರಾಜಂ ಕ್ಷಮಿಸಿದನೇ? ಮಣಿ ಹೇಳುವ ಸಮಾಧಾನ ನಿಜವೋ ಸುಳ್ಳೋ ಸ್ವಾಮಿಗೆ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಲೇಖಕರು ಇಲ್ಲಿ ಒಂದು ಅಪ್ಪುಗೆ ಬರೆದಿದ್ದರೆ ಪುಸ್ತಕ ಕೆಟ್ಟುಹೋಗುತ್ತಿತ್ತು. ಇದರ ಕೊರತೆಯೆಂದರೆ ಈ ಗೆಳೆಯರ ಲೋಕದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ.

ಆ ಕೊರತೆ ತುಂಬುವುದು ಅಮೆರಿಕದ ಎಲಿನಾರ್ ಎಸ್ಟೆಸ್ 1944ರಲ್ಲಿ ಬರೆದ 'ದಿ ಹಂಡ್ರೆಡ್ ಡ್ರೆಸಸ್'. ಮೂರರಲ್ಲಿ ನನಗೆ ಹೆಚ್ಚು ಬೇಕಾದದ್ದು ಇದೇ. ಪೋಲೆಂಡಿನಿಂದ ಬಂದ ಬಡ ಕುಟುಂಬದ ಹುಡುಗಿ ವಾಂಡಾ. ದಿನವೂ ಅದೇ ಮಾಸಿದ ನೀಲಿ ಉಡುಪು. "ಮನೆಯಲ್ಲಿ ನನಗೆ ನೂರು ಉಡುಪು ಇವೆ" ಎಂದುಬಿಡುತ್ತಾಳೆ. ಅಂದಿನಿಂದ ಪೆಗ್ಗಿ ಎಂಬ ಹುಡುಗಿ ಅವಳನ್ನು ದಿನವೂ ಎಲ್ಲರೆದುರು ಕೆಣಕಿ ಕೇಳುತ್ತಾಳೆ. ಪೆಗ್ಗಿ ರಾಕ್ಷಸಿಯಲ್ಲ, ಪ್ರಾಣಿಯನ್ನು ಹೊಡೆದರೆ ಅಳುವವಳು. ಪುಸ್ತಕದ ಜೀವ ಇರುವುದು ಪಕ್ಕದಲ್ಲಿ ನಿಂತ ಮ್ಯಾಡಿಯಲ್ಲಿ. ಅವಳೂ ಬಡವಿ. ಪೆಗ್ಗಿಯ ಹಳೆಯ ಬಟ್ಟೆಯನ್ನು ತಾಯಿ ಹೊಲಿದು ಸರಿಮಾಡಿಕೊಟ್ಟದ್ದನ್ನು ತೊಟ್ಟಿರುತ್ತಾಳೆ. ಬಾಯಿ ಬಿಟ್ಟರೆ ನಾಳೆ ಸರದಿ ತನ್ನದೇ ಎಂಬ ಭಯ. "ಸಾಕು ನಿಲ್ಲಿಸು" ಎಂದು ಪೆಗ್ಗಿಗೆ ಚೀಟಿ ಬರೆಯಲು ತೊಡಗಿ ಹರಿದುಹಾಕುತ್ತಾಳೆ. ಆ ನೂರು ಉಡುಪು ವಾಂಡಾ ಬಿಡಿಸಿದ ಚಿತ್ರಗಳೆಂದು ಗೊತ್ತಾಗುವ ಹೊತ್ತಿಗೆ ಅವಳ ಮನೆಯವರು ಊರು ಬಿಟ್ಟಾಗಿದೆ. ಎದುರು ನಿಂತು ತಪ್ಪಾಯಿತೆನ್ನಲು ಅವಳಿಲ್ಲ.

ನಮ್ಮ ತರಗತಿಗಳಲ್ಲಿ ಪೆಗ್ಗಿಯಂಥವರು ಒಬ್ಬಿಬ್ಬರು, ಮ್ಯಾಡಿಯಂಥವರು ಮೂವತ್ತು ಮಂದಿ. ಬಣ್ಣ, ಜಾತಿ, ಅಪ್ಪನ ಕೆಲಸ, ಹಳೆಯ ಯೂನಿಫಾರ್ಮು ಇವುಗಳ ಮೇಲೆ ಚುಚ್ಚುಮಾತು ಬಿದ್ದಾಗ ನೆಲ ನೋಡುವವರು ಇವರೇ. ಹೆಣ್ಣುಮಕ್ಕಳಿಗಂತೂ ಸುಮ್ಮನಿರುವುದೇ ಒಳ್ಳೆಯತನವೆಂದು ಮನೆಯಲ್ಲೇ ಕಲಿಸುತ್ತೇವೆ. ಮೌನಕ್ಕೂ ಪಾಲಿದೆ ಎಂದು ಬೈಯದೆ ಹೇಳುವ ಪುಸ್ತಕ ಇದು. ಇಂಗ್ಲಿಷ್ ಸರಳವಾಗಿದೆ, ಗಾತ್ರ ಚಿಕ್ಕದು. ರಾತ್ರಿ ಊಟವಾದ ಮೇಲೆ ತಾಯಿಯೇ ಓದಿ ಕನ್ನಡದಲ್ಲಿ ಹೇಳಿದರೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

ಮೂರನೆಯದು ಜಪಾನಿನ ತೆತ್ಸುಕೊ ಕುರೊಯಾನಗಿ ಅವರ 'ತೊತ್ತೋಚಾನ್', 1981ರದು, ಕನ್ನಡಕ್ಕೂ ಬಂದಿದೆ. ಕಾದಂಬರಿಯಲ್ಲ, ಬಾಲ್ಯದ ನೆನಪು; ಓದಿಸಿಕೊಳ್ಳುವುದು ಮಾತ್ರ ಕಾದಂಬರಿಯಂತೆ. ರೈಲುಡಬ್ಬಿಗಳೇ ತರಗತಿಗಳಾದ ತೊಮೊಯೆ ಶಾಲೆಯಲ್ಲಿ, ಪೋಲಿಯೊದಿಂದ ಬಳಲಿದ ಯಾಸುಆಕಿಯನ್ನು ತೊತ್ತೋಚಾನ್ ಏಣಿ ತಂದು, ಬೆವರು ಸುರಿಸಿ ಮರಕ್ಕೆ ಹತ್ತಿಸುತ್ತಾಳೆ. ಮುಂದೆ ಆ ಹುಡುಗ ತೀರಿಕೊಳ್ಳುತ್ತಾನೆ. ಶಾಲೆಯೂ 1945ರಲ್ಲಿ ಬಾಂಬಿಗೆ ಸುಟ್ಟುಹೋಗುತ್ತದೆ. ಇಲ್ಲಿ ಎಲ್ಲರೂ ತುಸು ಹೆಚ್ಚೇ ಒಳ್ಳೆಯವರು, ಮಕ್ಕಳ ಸಣ್ಣತನ ಕಾಣುವುದು ಅಪರೂಪ. ಆದರೆ ಕರುಣೆಯ ಮಾತಿಲ್ಲದೆ ಜೊತೆಗಾರಿಕೆ ಹೇಗಿರುತ್ತದೆಂದು ತೋರಿಸುವಲ್ಲಿ ಆ ಮರ ಹತ್ತುವ ಅಧ್ಯಾಯವನ್ನು ಮೀರಿಸುವುದು ಕಷ್ಟ.

ಒಂಬತ್ತರ ಮಗುವಿಗೆ ತೊತ್ತೋಚಾನ್, ಹತ್ತು ಹನ್ನೊಂದಕ್ಕೆ ವಾಂಡಾ, ಹನ್ನೆರಡಕ್ಕೆ ಸ್ವಾಮಿ ಎಂಬುದು ನನ್ನ ಲೆಕ್ಕ. ಓದಿ ಮುಗಿಸಿದ ಮೇಲೆ "ಏನು ಕಲಿತೆ?" ಎಂದು ಮಾತ್ರ ಕೇಳಬೇಡಿ. ಮಗು ತಾನಾಗಿ "ಅಮ್ಮಾ, ನಮ್ಮ ಕ್ಲಾಸಲ್ಲೂ ಒಬ್ಬಳಿದ್ದಾಳೆ" ಎಂದು ಶುರುಮಾಡಬಹುದು. ಆಗ ಒಲೆಯ ಉರಿ ಸಣ್ಣ ಮಾಡಿ, ಕೂತು ಕೇಳಿ.